ಮೂರನೆಯ ವಿಷಯ

ಡಬ್ಬೋ, ನ್ಯೂ ಸೌತ್ ವೇಲ್ಸ್
12 ಮಾರ್ಚ್ 1996

ಪ್ರೀತಿಯ ಬ್ರೋನಿ ಅಕ್ಕಾ,

ಹೇಗಿದ್ದೀಯ? ಬೇಕರಿಯ ಓವನ್ನಿಗೆ ತಗುಲಿ ಸುಟ್ಟ ಕೈ ವಾಸಿಯಾಯಿತೇ? ನಿನಗೆ ಕೈಯೇ ಬಾಯಿ, ಭಾವನಿಗೆ ನಾಲ್ಕು ದಿನ ನೆಮ್ಮದಿ ಸಿಕ್ಕಿರಬೇಕು. ನನ್ನ ಊಟದ ಚಿಂತೆ ಮಾಡಬೇಡ. ದಿನಾ ಟೋಸ್ಟಿನ ಮೇಲೆ ಬೀನ್ಸ್, ಭಾನುವಾರ ಮಾತ್ರ ಪೈ. ಈ ಊರಲ್ಲಿ ನನ್ನನ್ನು ಮಾತಾಡಿಸುವವಳು ಅಂಗಡಿಯ ಹುಡುಗಿ ಒಬ್ಬಳೇ, ಅದೂ "ಇನ್ನೇನಾದ್ರೂ ಬೇಕಾ" ಅಂತ. ಏನೂ ಬೇಡದಿದ್ದರೂ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡುತ್ತೇನೆ.

ಈಗ ಸುದ್ದಿ. ಕಾಲೇಜಿನಲ್ಲಿ ಮೂರು ವಿಷಯ ತೆಗೆದುಕೊಂಡಿದ್ದೆನಲ್ಲ, ಮೂರಿದ್ದರೇ ಸರ್ಕಾರದ ವಿದ್ಯಾರ್ಥಿ ಭತ್ಯೆ. ಎರಡಕ್ಕಿಳಿದರೆ ಅರೆಹೊತ್ತು ಓದುವವನೆಂದು ನಿಲ್ಲಿಸಿಬಿಡುತ್ತಾರೆ. ಹೋದ ವಾರ ಮಣ್ಣಿನ ವಿಜ್ಞಾನದ ತರಗತಿಯೇ ರದ್ದಾಯಿತು, ನಾವಿದ್ದದ್ದೇ ನಾಲ್ಕು ಜನ. ಭತ್ಯೆ ಹೋದರೆ ಕೋಣೆಯೂ ಹೋಯಿತು, ಓದೂ ಹೋಯಿತು. ಮತ್ತೆ ನಮ್ಮೂರು ನಿಂಗನ್‌ಗೆ ಹೋಗಿ ಅಜ್ಜನ ಪೆಟ್ರೋಲ್ ಬಂಕಿನಲ್ಲಿ ಕೂರಬೇಕು. ಅಜ್ಜ ಆಗಲೇ ಫೋನಿನಲ್ಲಿ, "ನಿನ್ನ ಸ್ಟೂಲು ಇಲ್ಲೇ ಇದೆ ಕಣೋ" ಅಂದ. ಪ್ರೀತಿಯಿಂದಲೇ ಅಂದದ್ದು, ನಾನು ಬೇಗ ಫೋನಿಟ್ಟೆ.

ಆಫೀಸಿನ ಹೆಂಗಸು ಹುಡುಕಿ ಹುಡುಕಿ, "ಒಂದರಲ್ಲಿ ಮಾತ್ರ ಜಾಗ ಇದೆ ಮರಿ, ಸನ್ನೆ ಭಾಷೆ" ಅಂದಳು. ನಕ್ಕುಬಿಟ್ಟೆ. ಚಿಕ್ಕಂದಿನಿಂದ ನಿನ್ನ ಜೊತೆ ಕೈಯಲ್ಲೇ ಜಗಳವಾಡಿದವನಿಗೆ ಇದೇನು ಮಹಾ ಅಂದುಕೊಂಡೆ. ಟೀಚರಮ್ಮನಿಗೂ ನಿನ್ನ ಹಾಗೆ ಕಿವಿ ಕೇಳುವುದಿಲ್ಲ. ಮೊದಲ ತರಗತಿಯಲ್ಲೇ ಅವಳಿಗೆ ನಮ್ಮ ಮನೆಯ ಸನ್ನೆಗಳನ್ನೆಲ್ಲ ಜಂಬದಿಂದ ತೋರಿಸಿದೆ. ಅಜ್ಜ ಅನ್ನಲು ಮೀಸೆ ತಿರುವಿದೆ. "ಬಾ" ಅನ್ನಲು ಕಿವಿ ಎಳೆದುಕೊಂಡೆ, ಅಮ್ಮ ನಮ್ಮನ್ನು ಕಿವಿ ಹಿಡಿದೇ ಒಳಗೆ ಕರೆತರುತ್ತಿದ್ದಳಲ್ಲ. ಟೀಚರಮ್ಮ ಬೋರ್ಡಿನ ಮೇಲೆ ಬರೆದಳು: "ಇದು ಯಾವ ಭಾಷೆ?"

ಆಗ ಕ್ರಿಸ್‌ಮಸ್ ನೆನಪಾಯಿತು. ನೀನೂ ಭಾವನೂ ಮೇಜಿನ ಆಚೆ ಈಚೆ ಕೂತು ಸರಸರ ಕೈಯಾಡಿಸುತ್ತ ನಗುತ್ತಿದ್ದಿರಿ. ಏನೂ ತಿಳಿಯದೆ ನಾನೂ ನಕ್ಕೆ. ಅವತ್ತಿನಷ್ಟು ಒಂಟಿತನ ನನಗೆ ಈ ಊರಲ್ಲೂ ಆಗಿಲ್ಲ ಅಕ್ಕಾ. ನೀನು ದೊಡ್ಡ ಭಾಷೆಗೆ ಹೋಗಿಬಿಟ್ಟೆ, ನಾನು ನಮ್ಮ ಅಡುಗೆಮನೆಯಲ್ಲೇ ಉಳಿದೆ.

ಭಾವನಿಗೆ ನನ್ನ ನೆನಪು ಹೇಳು. ಕೈ ಜೋಪಾನ.

ನಿನ್ನ ತಮ್ಮ,
ಆಂಗಸ್

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಅಸಲು ಮಾತೇ ಬರೆದಿಲ್ಲ. ತಡವಾಗಿ ಸೇರಿದವನಾದ್ದರಿಂದ ಇಪ್ಪತ್ತನೇ ತಾರೀಖು ನನಗೊಂದು ಪರೀಕ್ಷೆ. ಕಿವಿ ಕೇಳದ ಒಬ್ಬರ ಜೊತೆ ಐದು ನಿಮಿಷ ಕೈಯಲ್ಲಿ ಮಾತಾಡಬೇಕು. ಪಾಸಾದರೆ ಮೂರನೆಯ ವಿಷಯ ನನ್ನದು, ಇಲ್ಲವಾದರೆ ಅಜ್ಜನ ಸ್ಟೂಲು. ಯಾರನ್ನಾದರೂ ಕರೆಸುತ್ತೇನೆ ಅಂತ ಟೀಚರಮ್ಮ ಹೇಳಿದಳು, ಬೇಡ, ನನ್ನ ಅಕ್ಕ ಇದ್ದಾಳೆ ಅಂದೆ. ಶನಿವಾರವೇ ಬಂದು ನಾಲ್ಕು ದಿನ ಕಲಿಸಿಕೊಡು. ಟೀಚರಮ್ಮನ ಭಾಷೆಯಲ್ಲಿ "ಬಾ" ಅನ್ನುವುದು ನನಗಿನ್ನೂ ಬಂದಿಲ್ಲ. ಇಲ್ಲಿ ಕೂತು ಕಿವಿ ಎಳೆದುಕೊಳ್ಳುತ್ತಿದ್ದೇನೆ.