ಬಾಂದಗಲ್ಲಿನ ಹಿತ್ತಾಳೆ ಬಿಲ್ಲೆ

೨೭ ಮಾರ್ಚ್ ೧೯೪೭

ಮತ್ತೆ ಮಷೀನಿನ ಬ್ಯಾಟರಿ ಕೈಕೊಟ್ಟಿತು. ಹುಬ್ಬಳ್ಳಿಗೆ ಹೊತ್ತೊಯ್ದೆ. ರೇಡಿಯೋ ರಿಪೇರಿಯ ಅಬ್ದುಲಮಜೀದ ಹೆಡ್‌ಫೋನ್ ಕಿವಿಗಿಟ್ಟುಕೊಂಡು ನಕ್ಕ. "ಫಕೀರಪ್ಪಾ, ಯುದ್ಧ ಮುಗದೈತಿ. ಇನ್ನೂ ಮೈನ್ ಹುಡಕಾಕತ್ತೀಯೇನು?"

"ಒಂದು ಉಳದೈತಿ. ನಮ್ಮ ಕಾಕಾನ ಹೊಲದಾಗ."

ಇಟಲಿಯಲ್ಲಿ ಹೂತ ಮದ್ದು ಹುಡುಕಲು ಇಂಥದೇ ಮಷೀನು ಹಿಡಿದು ನೆಲ ಸವರುವಾಗಲೂ ದ್ಯಾಮಣ್ಣ ಕಾಕಾನ ಮೋರೆಯೇ ಕಣ್ಣೆದುರು. ಅಪ್ಪ ಸತ್ತು ತಿಂಗಳಾಗಿರಲಿಲ್ಲ, ನಾನು ದಂಡಿನಲ್ಲಿ — ತಾರಿಹಾಳದ ಹೊಲದ ಗಡಿಯ ಬಾಂದಗಲ್ಲು ಕಿತ್ತು ನಮ್ಮ ಕಡೆ ಸರಿಸಿ ನೆಟ್ಟ. ಅವ್ವ ಒಬ್ಬಳೇ ಬದುವಿನ ಮೇಲೆ ಕೂತು ಅತ್ತಳಂತೆ. ಪಂಚರು ಕೇಳಿದರೆ ತುಟಿ ಬಿಚ್ಚಲಿಲ್ಲವಂತೆ ಆಸಾಮಿ. ಬಿಡುವುದಿಲ್ಲ. ಊರ ಮುಂದೆ ಅವನ ತಲೆ ತಗ್ಗಬೇಕು. ಅದಕ್ಕೇ ದಂಡಿನ ದುಡ್ಡು ಸುರಿದು ಪುಣೆಯ ಮಿಲಿಟರಿ ಹರಾಜಿನಲ್ಲಿ ಈ ಡಿಟೆಕ್ಟರ್ ತಂದದ್ದು.

೩೧ ಮಾರ್ಚ್

ಮಷೀನು ಸರಿಯಾಯಿತು. ಅವ್ವನಿಂದ ಬಿಲ್ಲೆಯ ಕಥೆ ಮತ್ತೊಮ್ಮೆ ಕೇಳಿದೆ.

ಅಜ್ಜ ಉಳುವಾಗ ಸಿಕ್ಕಿದ್ದು. ಹಳೆಯ ಅರಸರ ಕಾಲದ್ದಂತೆ, ಕುದುರೆಯ ಹಣೆಪಟ್ಟಿಗೆ ಹಾಕುತ್ತಿದ್ದುದಂತೆ. ಹಿತ್ತಾಳೆ, ಸಿಂಹದ ಮುಖ, ಹಿಂದೆ ಕುಣಿಕೆ. ಅಪ್ಪ, ಕಾಕಾ ಇಬ್ಬರೂ ನನಗೆ ನನಗೆ ಎಂದು ಕಿತ್ತಾಡಿದರು. ಅಜ್ಜ ಹೊಲ ಹಂಚುವಾಗ ಬಾಂದಗಲ್ಲಿನ ಕುಣಿಯಲ್ಲಿ ಹೂತುಬಿಟ್ಟ. ಯಾರಿಗೂ ಇಲ್ಲ. ಕಲ್ಲು ಕಿತ್ತವನು ಅಷ್ಟು ಆಳ ಕೆದಕಿರಲಿಕ್ಕಿಲ್ಲ. ಬಿಲ್ಲೆ ಇದ್ದಲ್ಲೇ ಖರೇ ಗಡಿ. ಅದು ಅವನ ಉಳುಮೆಯೊಳಗೆ ಸಿಗಲಿ, ಆಮೇಲೆ ನೋಡಿಕೊಳ್ಳುತ್ತೇನೆ.

೫ ಏಪ್ರಿಲ್, ಶನಿವಾರ

ಕಾಕಾ ಹುಬ್ಬಳ್ಳಿ ಸಂತೆಗೆ ಹೋದ. ಅವನ ಹೊಲವೆಲ್ಲ ಸವರಿದೆ. ಒಂದು ನೇಗಿಲ ಮೊಳೆ ಸಿಕ್ಕಿತು, ಅಷ್ಟೇ. ಸಿಟ್ಟಿನಿಂದ ಮನೆಗೆ ಹೊರಟೆ. ಮಷೀನು ಆರಿಸುವುದು ಮರೆತಿದ್ದೆ... ಕಿವಿಯಲ್ಲಿ ಕೂಗಿತು.

ಅಗೆದೆ. ಕರೀ ಇದ್ದಿಲು. ಮೇಲೆ ಬಿಲ್ಲೆ.

ನಮ್ಮ ಹೊಲದಲ್ಲಿ. ಈಗಿನ ಕಲ್ಲಿಗಿಂತ ಇನ್ನೂ ಒಳಗೆ, ನಮ್ಮ ಕಡೆ. ಅಂದರೆ ಮೊದಲು ಕಲ್ಲನ್ನು ಕಾಕಾನ ಕಡೆ ಸರಿಸಿದ್ದು ಅಪ್ಪ. ಕಾಕಾ ವಾಪಸ್ ತೆಗೆದುಕೊಂಡದ್ದು ತನ್ನದನ್ನೇ. ಅದೂ ಪೂರ್ತಿ ಅಲ್ಲ.

ಹಾಗಾದರೆ ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ? ಅದಕ್ಕೇ ಇನ್ನೂ ಉರಿ. ಇಷ್ಟು ವರ್ಷ ಸಾಕಿದ ಸಿಟ್ಟನ್ನು ಈಗ ಎಲ್ಲಿ ಇಡಲಿ?

ಸಂಜೆ

ಬಿಲ್ಲೆಯನ್ನು ಕಾಕಾನ ಹೊಲದೊಳಗೆ ಹೂತು ಬಂದೆ. ಮೇಲೆ ಜೋಳದ ಕೂಳೆ ಮೊದಲಿದ್ದಂತೆ ನೆಟ್ಟೆ. ಮಂಗಳವಾರಕ್ಕೆ ಪಂಚರನ್ನು ಕರೆದಿದ್ದೇನೆ.

೮ ಏಪ್ರಿಲ್

ಮಷೀನು ಕೂಗಿತು. ಪಂಚರಿಗೂ ಹೆಡ್‌ಫೋನ್ ಕೊಟ್ಟು ಕೇಳಿಸಿದೆ. ಅಗೆದು ಬಿಲ್ಲೆ ಎತ್ತಿ ಹಿಡಿದೆ. "ನೋಡ್ರಿ. ಗಡಿ ಎಲ್ಲೈತಿ, ಕಲ್ಲೆಲ್ಲೈತಿ."

ಕಾಕಾ ತಲೆ ತಗ್ಗಿಸಿದ. ಹಬ್ಬದೂಟ ಉಂಡಷ್ಟು ಸುಖವಾಯಿತು. ಸುಳ್ಳು ಯಾಕೆ ಬರೆಯಲಿ.

ಅಷ್ಟರಲ್ಲಿ ಅವನ ಹೆಂಡತಿ ಅಕ್ಕವ್ವ ಬಿಲ್ಲೆ ಇಸಿದುಕೊಂಡಳು. ಉಗುರಿನಿಂದ ಸಿಂಹದ ಬಾಯಿ ಕೆರೆದಳು. ಕರೀ ಪುಡಿ ಉದುರಿತು.

"ಬಿಲ್ಲ್ಯಾಗ ಇದ್ದಲಿ ಐತಿ, ಕುಣ್ಯಾಗ ಯಾಕಿಲ್ಲಪಾ? ಎಲ್ಲಾರೂ ಬಾಂದಗಲ್ಲಿನ ಬುಡಕ್ಕ ಗುರುತಿಗೆ ಇದ್ದಲಿ ಹಾಕ್ತಾರ, ಅದು ಕೊಳಿಯೂದಿಲ್ಲಂತ. ಹೊಲ ಹಂಚಿದ ದಿನ ಇದ್ದಲಿ ಬುಟ್ಟಿ ಹೊತ್ತಾಕಿ ನಾನ."

ಹಾಳಾದ ಇದ್ದಿಲು. ದಂಡಿನಲ್ಲಿ ತಂತಿ, ಮದ್ದು ನೋಡಿ ನೋಡಿ ಕಬ್ಬಿಣ ಹಿತ್ತಾಳೆಯ ಆಚೆ ನನಗೆ ಏನೂ ಕಾಣಲಿಲ್ಲ. ಪಂಚರೆಲ್ಲ ನನ್ನ ಮುಖ ನೋಡಿದರು. ಒಬ್ಬರು ನಮ್ಮ ಹೊಲದಲ್ಲಿ ಹಸಿ ಮಣ್ಣು ಮುಚ್ಚಿದ ಕುಣಿ ಕಂಡು ಆ ಕಡೆ ನಡೆದರು.

ಆಗ ಕಾಕಾ ಬಾಯಿ ಬಿಟ್ಟ. "ಬ್ಯಾಡ, ಬಿಡ್ರಿ. ಅಣ್ಣ ಸರಿಸಿದ್ದ. ಅವ ಇರೂತನಕ ಕೇಳಲಿಲ್ಲ. ಹೋದಮ್ಯಾಲ ಅರ್ಧಾ ತಗೊಂಡ್ನಿ, ಉಳಿದದ್ದು ನಮ್ಮ ವೈನಿ, ಇವನ ಅವ್ವನ ಹೊಟ್ಟಿಗೆ ಇರಲಂತ ಬಿಟ್ನಿ. ಈ ಮಾತು ಆಕಿಗೆ ಮುಟ್ಟಿಸಬ್ಯಾಡ್ರಿ. ಗಂಡನ್ನ ದೇವರಂತ ತಿಳದಾಳ."

ಕೆನ್ನೆಗೆ ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಬಿಲ್ಲೆಯನ್ನು ನನ್ನ ಕೈಯಲ್ಲೇ ಇಟ್ಟು ಹೋದ.

ಅವ್ವ ಬಾಗಿಲಲ್ಲೇ ಕಾದಿದ್ದಳು. ಗೆದ್ದೆ, ಕಲ್ಲು ಸರಿಸಾಕ ಪಂಚರು ಹೇಳ್ಯಾರ ಅಂದೆ.

೧೯ ಏಪ್ರಿಲ್, ಮುಂಜಾನೆ

ಇಷ್ಟು ದಿನ ಬರೆಯಲಾಗಲಿಲ್ಲ. ಈಗಲೂ ಅವನನ್ನು ಕಂಡರೆ ಮೈ ಉರಿಯುತ್ತದೆ. ಕಾರಣ ಮಾತ್ರ ಕೈಗೆ ಸಿಗುವುದಿಲ್ಲ. ಬಿಲ್ಲೆ ಟ್ರಂಕಿನಲ್ಲಿದೆ. ಎಷ್ಟು ಒರೆಸಿದರೂ ಸಿಂಹದ ಬಾಯಲ್ಲಿ ಕಪ್ಪು.

ಅವ್ವ ಇವತ್ತು ಸ್ನಾನ ಮಾಡಿ ಹೊರಗೆ ಬಂದಳು. "ಪಂಚರು ಹೇಳಿದರೂ ದ್ಯಾಮ ಇನ್ನೂ ಕಲ್ಲು ಸರಿಸಿಲ್ಲ. ಅವನ ಬಾಗಿಲದಾಗ ನಿಂತು ಮಣ್ಣು ತೂರಿ ಶಾಪ ಹಾಕಿ ಬರತೇನಿ. ಅವನ ಮನಿ ಹಾಳಾಗ್ಲಿ, ಸತ್ತವರ ಪಾಲು ತಿಂದಾಂವ."

"ಬ್ಯಾಡವ್ವಾ," ಅಂದೆ.

"ಯಾಕ? ನಿಮ್ಮಪ್ಪ ಹೇಳಿದ ಗಡಿ ಖರೇ ಆತಿಲ್ಲೋ?"

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಅವ್ವ ಬದುವಿನ ಮಣ್ಣು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಾಳೆ. ಈಗ ಹೊರಡುತ್ತಾಳೆ. ಹೊಸ್ತಿಲು ದಾಟುವುದರೊಳಗೆ ಹೇಳಿಬಿಡಬೇಕು — ಅವ್ವಾ, ಆ ಕಲ್ಲು ಮೊದಲು ಸರಿಸಿದವನು ನಮ್ಮ ಅಪ್ಪ. ಹೊಸ್ತಿಲಿಗೆ ಬಂದಳು, ಎದ್ದೆ.