ಹಗಲು ಹಚ್ಚಿದ ದೀಪ

ಕೆರೆಬಿಳಚಿ
ಮಂಗಳವಾರ, ೧೧ ಫೆಬ್ರವರಿ ೨೦೨೫

ನಮ್ಮ ಮನೆಯವರಿಗೆ ಅನಿತಾ ಮಾಡುವ ನಮಸ್ಕಾರಗಳು.

ಕಾಗದ ಎಂದ ಮೇಲೆ ಮೊದಲು ಕ್ಷೇಮಸಮಾಚಾರ ಬರೆಯಬೇಕು. ಅದಕ್ಕೆ ಕೈ ಬರುತ್ತಿಲ್ಲ, ಕತೆಯಿಂದ ಶುರುಮಾಡುತ್ತೇನೆ. ಕತೆ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಮೊದಲೇ ಹೇಳದಿದ್ದರೆ ಅದು ಕದ್ದ ಕತೆ ಎನ್ನುತ್ತಿದ್ದಳು ಗೋವಿನಕೋವಿಯ ನಮ್ಮಜ್ಜಿ. ಹಾಗಾಗಿ ಹೇಳಿಬಿಡುತ್ತೇನೆ. ಇದನ್ನು ಮೊದಲು ಹೇಳಿದವರು ನಿಮ್ಮ ಅಜ್ಜಿ ಗಿಡ್ಡಮ್ಮ. ನೀವು ಎರಡನೇ ಕ್ಲಾಸಿನಲ್ಲಿದ್ದ ವರ್ಷ, ದಸರಾ ರಜೆಯಲ್ಲಿ, ಅಡಿಕೆ ಸುಲಿಯುವ ಹೆಂಗಸರ ನಡುವೆ ಕೂತು ಹೇಳಿದ್ದು. ಮದುವೆಯಾದ ಹೊಸದರಲ್ಲಿ ನೀವು ಅದನ್ನು ನನಗೆ ಹೇಳಿದಿರಿ. ನಗುತ್ತಲೇ ಹೇಳಿದಿರಿ, ಆದರೆ ನಿಮ್ಮ ಅಂಗೈ ಬೆವತಿತ್ತು.

ಹೊನ್ನಾಳಿ ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಅವನ ವ್ಯಾಪಾರ ಮುಳುಗಿತು. ಆ ಕಾಲದಲ್ಲಿ ಪಾಪರ್ ಆದವನು ಅಂಗಡಿಯ ಗಾದಿ ಮಗುಚಿ ಹಾಕಿ, ಹಾಡುಹಗಲಲ್ಲೇ ದೀಪ ಹಚ್ಚಿ ಕೂರಬೇಕಿತ್ತಂತೆ. ಬೀದಿಯಲ್ಲಿ ಹೋಗುವವರು ಆ ದೀಪ ನೋಡಿ, ಇವನ ಕೈಯಲ್ಲಿ ಇನ್ನೇನೂ ಇಲ್ಲ ಎಂದು ತಿಳಿದುಕೊಳ್ಳಬೇಕು. ಸಾಹುಕಾರ ದೀಪ ಹಚ್ಚಿದ. ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಂದರು. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಬಂದರು.

ನಿಮ್ಮ ಕತೆ ಅಲ್ಲಿಗೆ ಮುಗಿದಿತ್ತು. ಆಮೇಲೇನಾಯಿತು ಎಂದು ಕೇಳಿದ್ದಕ್ಕೆ, ಇನ್ನೇನಾಗುತ್ತೆ ಎಂದು ಮಗ್ಗುಲಾದಿರಿ.

ಅಡಿಕೆ ಲೋಡು ತೆಗೆದುಕೊಂಡು ದುಡ್ಡು ಕೊಡದ ಉತ್ತರದ ವ್ಯಾಪಾರಿ ಫೋನು ಎತ್ತುವುದನ್ನು ಬಿಟ್ಟಾಗಿನಿಂದ ನಿಮ್ಮ ಕಣ್ಣಲ್ಲಿ ಆ ಚಪ್ಪಲಿಗಳೇ ಇದ್ದವು ಎಂದು ನನಗೆ ಈಗ ಅರ್ಥವಾಗುತ್ತಿದೆ. ತೋಟದವರ ಹಸಿ ಅಡಿಕೆಯನ್ನು ಖೇಣಿ ಗುತ್ತಿಗೆ ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ, ಮಾತಾಡಿದಷ್ಟು ಒಣ ಅಡಿಕೆ ಅವರಿಗೆ ತೂಗಿ ಕೊಡುವುದು ನಮ್ಮ ಕಸುಬು. ಅದಕ್ಕೆ ಸಹಿಯಿಲ್ಲ, ಸಾಕ್ಷಿಯಿಲ್ಲ. ಕೈಗೆ ಎಲೆ ಅಡಿಕೆ ಇಟ್ಟರೆ ಮಾತು ಮುಗಿಯಿತು. ಈ ಸಲ ಒಳ್ಳೆ ರೇಟು ಬಂತು ಎಂದು ಅವರ ಪಾಲಿನದನ್ನೂ ಆ ಲೋಡಿಗೇ ಹಾಕಿದಿರಿ. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಚೀಲ ಹೊಲಿದವಳು ನಾನೇ ಅಲ್ಲವೆ?

ಹೋದ ಗುರುವಾರ ನಿಮ್ಮ ಬೈಕು ಹೊನ್ನಾಳಿ ಸೇತುವೆಯ ತುದಿಯಲ್ಲಿ ಸಿಕ್ಕಿತು, ಬೀಗದ ಕೈ ಅದರಲ್ಲೇ ಇತ್ತು. ಅದನ್ನು ಅಲ್ಲಿ ಯಾಕೆ ನಿಲ್ಲಿಸಿದಿರಿ, ಎಷ್ಟು ಹೊತ್ತು ನಿಂತಿದ್ದಿರಿ ಎಂದು ನಾನು ಕೇಳುವುದಿಲ್ಲ. ಕೇಳಲು ಹೆದರಿಕೆ. ನೀವು ಬಂದ ಮೇಲೂ ಕೇಳುವುದಿಲ್ಲ. ನೀವಾಗಿ ಹೇಳಿದರೆ ಕೂತು ಕೇಳುತ್ತೇನೆ.

ಆವತ್ತು ಹೊಳೆ ದಡದಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಕತ್ತಲಗೆರೆ ವಿರೂಪಾಕ್ಷಪ್ಪನವರು. ಹೌದು ರೀ, ನಾವು ಯಾರಿಗೆ ಎಲ್ಲರಿಗಿಂತ ಹೆಚ್ಚು ಅಡಿಕೆ ಕೊಡಬೇಕೋ, ಯಾರ ಬುಲೆಟ್ ಬೈಕಿನ ಸದ್ದು ಕೇಳಿದರೆ ನೀವು ಹಿತ್ತಿಲಿಗೆ ಹೋಗುತ್ತಿದ್ದಿರೋ ಅವರೇ. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಮೀನುಗಾರರಿಗೆ “ಆ ಮಡುವಿನ ಕಡೆ ನೋಡ್ರೋ, ಇನ್ನೊಂದು ಸಲ ನೋಡ್ರೋ” ಎಂದು ಕೂಗುತ್ತಿದ್ದರು. ನಾನು ಕಲ್ಲಿನ ಮೇಲೆ ಕೂತಿದ್ದೆ. ಆಗ ಏನು ಯೋಚಿಸಿದೆ ಎಂದು ಬರೆಯಲಾರೆ.

ಸಂಜೆ ಯಾರದೋ ನಂಬರಿನಿಂದ ನಿಮ್ಮ ಫೋನು ಬಂತು. “ಜಗಳೂರಾಗೆ ಸೋದರತ್ತೆ ಮನ್ಯಾಗೆ ಇದೀನಿ. ಯಾರಿಗೂ ಹೇಳಬ್ಯಾಡ, ನಿನ್ನ ತಾಳಿ ಮೇಲೆ ಆಣೆ” ಎಂದು ಇಟ್ಟುಬಿಟ್ಟಿರಿ. ಆಮೇಲೆ ಆ ನಂಬರಿಗೆ ಎಷ್ಟು ಮಾಡಿದರೂ ಎತ್ತುವವರಿಲ್ಲ. ನೀವು ಬದುಕಿದ್ದೀರಿ ಎಂದು ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮತ್ತೆ ಹೊರಗೆ ಬಂದು ಸುಮ್ಮನೆ ಕೂತೆ. ಸಮಾಧಾನ ಹೇಳಲು ಬಂದವರ ಮುಖ ನೋಡಲು ಆಗಲಿಲ್ಲ.

ನಿನ್ನೆ ಚನ್ನಗಿರಿ ಕೋರ್ಟಿಗೆ ಹೋಗಿದ್ದೆ. ಅಲ್ಲಿ ದುಡ್ಡು ತೆಗೆದುಕೊಳ್ಳದೆ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿ ಇದೆ. ಮೆಟ್ಟಿಲ ಹತ್ತಿರ ಹೋಗಿ ಎರಡು ಸಲ ವಾಪಸು ಬಂದೆ. ಆಮೇಲೆ ಸಂಧ್ಯಾರಾಣಿ ಎಂಬ ವಕೀಲರು ತಾವೇ ಕರೆದು ಕೂರಿಸಿದರು. ಎಲ್ಲ ಹೇಳಿದೆ, ನೀವೆಲ್ಲಿದ್ದೀರಿ ಎಂಬುದನ್ನೂ ಹೇಳಿದೆ. ವಕೀಲರಿಗೆ ಹೇಳಿದರೆ ಆಣೆ ತಪ್ಪಿದಂತೆ ಅಲ್ಲ ಎಂದುಕೊಂಡೆ.

“ಗಾಬರಿ ಆಗಬ್ಯಾಡಮ್ಮ. ಇದಕ್ಕೆ ನಾದಾರಿ ಅರ್ಜಿ ಅಂತ ಐತೆ. ನನ್ನ ಕೈಲಿ ಆಗಲ್ಲ ಅಂತ ಹೇಳಾಕೆ ಕಾನೂನಿನಾಗೇ ಒಂದು ಬಾಗಿಲು ಇಟ್ಟಾರೆ” ಎಂದರು.

ನನ್ನ ಬಾಯಿಂದ ಬಂದ ಮೊದಲ ಮಾತು, “ಮೇಡಂ, ಚಪ್ಲಿ ತಗಂಡು ಬರ್ತಾರಾ?”

“ಯಾರಮ್ಮ, ಜಡ್ಜ್ ಸಾಹೇಬ್ರಾ?” ಎಂದು ಕೇಳಿದರು. ಇಷ್ಟು ದಿನದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಕೋರ್ಟು ಒಪ್ಪಿದರೆ ನಮ್ಮದೆಲ್ಲ ಒಬ್ಬ ಅಧಿಕಾರಿಯ ಕೈಗೆ ಹೋಗುತ್ತದೆ. ಮಾರಿ ಬಂದದ್ದನ್ನು ಕೊಡಬೇಕಾದವರಿಗೆಲ್ಲ ಪಾಲಿನ ಪ್ರಕಾರ ಹಂಚುತ್ತಾರೆ. ಉಡುವ ಬಟ್ಟೆ, ಹಾಸಿಗೆ, ಅಡಿಗೆ ಪಾತ್ರೆ ಮುಟ್ಟುವುದಿಲ್ಲ. ಎಲೆ ಅಡಿಕೆ ಕೊಟ್ಟು ಮಾತಾಡಿದವರ ಹೆಸರನ್ನೂ ಬರೆಸಬೇಕು, ಒಬ್ಬರನ್ನೂ ಬಿಡುವ ಹಾಗಿಲ್ಲ. ಈಗ ಯಾರಿಗೂ ಗುಟ್ಟಾಗಿ ಏನನ್ನೂ ಕೊಡಬಾರದು, ಮನೆಯಲ್ಲಿ ಏನನ್ನೂ ಮುಚ್ಚಿಡಬಾರದು. ಆಗ ನಾನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದ ಬಂಗಾರದ ಅವಲಕ್ಕಿ ಸರದ ವಿಷಯ ಹೇಳಿದೆ. ನಿಮಗೂ ಹೇಳಿರಲಿಲ್ಲ, ಕ್ಷಮಿಸಿ. “ಅದನ್ನೂ ಬರೆಸಮ್ಮ” ಎಂದರು.

ಕೊನೆಗೆ ಕನ್ನಡಕ ತೆಗೆದು, “ಹೆಂಡ್ತಿ ಸಹಿ ನಡೆಯಲ್ಲ. ಬರೋ ಸೋಮವಾರ ಅವರೇ ಬಂದು ಸಹಿ ಹಾಕಬೇಕು. ಹೊಳೆಗೆ ಹೋದ ಅಂತ ಜನ ನಂಬಿಕಂಡು ಕುಂತ್ರೆ, ನಾಳೆ ಅವರು ಹೇಳೋ ಯಾವ ಮಾತನ್ನೂ ಯಾರೂ ನಂಬಲ್ಲ” ಎಂದರು.

ಇವತ್ತು ಇಳಿಹೊತ್ತಿಗೆ ತೋಟದವರೆಲ್ಲ ಬಂದು ಅಂಗಳದಲ್ಲಿ ಕೂತರು. ಯಾರೂ ಅಡಿಕೆಯ ಮಾತೆತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಲಿಯಲು ಬರುತ್ತಿದ್ದ ಗಾದ್ರಮ್ಮಜ್ಜಿಯೂ ಬಂದಿದ್ದಳು. ಏನಾದರೂ ಮಾತಾಡಬೇಕಲ್ಲ, ಗಿಡ್ಡಮ್ಮಜ್ಜಿಯ ಆ ಕತೆ ಗೊತ್ತೇ ಎಂದು ಕೇಳಿದೆ.

“ಗೊತ್ತಿಲ್ದೆ ಏನವ್ವ, ಅಲ್ಲೇ ಕುಂತಿದ್ದೆ. ನಿನ್ ಗಂಡ ಅರ್ಧಕ್ಕೇ ಗೊರಕೆ ಹೊಡೀತಿದ್ದ” ಎಂದು ಪೂರ್ತಿ ಹೇಳಿದಳು. ರೀ, ದೀಪ ಉರಿಯುವ ಕಡೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೆ? ಅದಕ್ಕೇ ಅವರು ಬೀದಿಯಲ್ಲೇ ಕಳಚಿ ಕೈಯಲ್ಲಿ ಹಿಡಿದು ಬಂದರಂತೆ! ಹೊಸ್ತಿಲ ಹೊರಗೆ ಇಟ್ಟು ಒಳಗೆ ಬಂದು, ದೀಪದ ಸುತ್ತ ಕೂತು, ತಕ್ಕಡಿ, ಗಾದಿ, ಮೂಟೆ ಎಲ್ಲ ಹಂಚಿಕೊಂಡರು. ಏನೂ ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಆದರೆ ಉಣ್ಣುವ ತಟ್ಟೆ, ಹೊದೆಯುವ ಕಂಬಳಿ ಅವನಿಗೇ ಇಟ್ಟರು. ಏಳುವಾಗ ಅವರಲ್ಲೇ ಒಬ್ಬ ದೀಪಕ್ಕೆ ಎಣ್ಣೆ ಹಾಕಿ ಹೋದನಂತೆ.

“ಮಾರನೇ ದಿನ ಬೆಳಿಗ್ಗೆ ನಾವು ಹೆಂಗಸ್ರು ತಮಾಷೆಗೆ ಚಪ್ಲಿ ಕೈಯಾಗೆ ಹಿಡ್ಕಂಡು ಸುಲಿಯಾಕೆ ಬಂದ್ವಿ. ಈ ಹುಡುಗ ನೋಡಿದ್ದೇ ತಡ ಮಾಯ! ಮಧ್ಯಾಹ್ನ ನೋಡಿದ್ರೆ ಅಡಿಕೆ ಬೇಯ್ಸೋ ಹಂಡ್ಯಾಗೆ ಕುಂತಾನೆ!”

ಅಂಗಳವೆಲ್ಲ ನಕ್ಕಿತು. ವಿರೂಪಾಕ್ಷಪ್ಪನವರೂ ನಕ್ಕರು. ನಗುತ್ತ ನಗುತ್ತ ಟವೆಲು ಮುಖಕ್ಕೆ ಹಿಡಿದು, “ಹಂಡ್ಯಾಗಾದ್ರೆ ಹುಡುಕಬಹುದಿತ್ತು. ಹೊಳ್ಯಾಗೆ ಎಲ್ಲಿ ಅಂತ ಹುಡುಕಾಣ” ಎಂದರು. ನಾನು ಎದ್ದು ಒಳಗೆ ಬಂದೆ. ಒಳಗೆ ಬಂದು ಈ ಕಾಗದ ಹಿಡಿದೆ.

ಸೋಮವಾರಕ್ಕೆ ಬನ್ನಿ. ನಿಮಗೆ ಹೆದರಿಕೆ, ನನಗೂ ಹೆದರಿಕೆ. ಒಬ್ಬೊಬ್ಬರೇ ಹೆದರುವುದು ಬೇಡ. ನಾಳೆ ಪೋಸ್ಟಿಗೆ ಹಾಕುತ್ತೇನೆ.

ಕ್ಷೇಮವೆಂದು ಬರೆಯಲಾರದ,
ನಿಮ್ಮ
ಅನಿತಾ

ಮರೆತ ಮಾತು, ಬುಧವಾರ ಬೆಳಿಗ್ಗೆ: ಇದು ಪೋಸ್ಟಿನಲ್ಲಿ ಬರುತ್ತಿಲ್ಲ. ಇವತ್ತು ಬಾಗಿಲು ತೆಗೆದಾಗ ವಿರೂಪಾಕ್ಷಪ್ಪನವರ ಬುಲೆಟ್ ಬೀದಿಯಲ್ಲಿತ್ತು. ಮತ್ತೆ ಹೊಳೆಗೆ ಹೊರಟಿದ್ದರು. ನಾನು ಆಣೆ ಮುರಿದು, ನೀವು ಜಗಳೂರಿನಲ್ಲಿದ್ದೀರಿ ಎಂದು ಹೇಳಿಬಿಟ್ಟೆ. ಅವರು ಜಗಲಿ ಮೇಲೆ ಕುಸಿದು ಕೂತರು. ಆಮೇಲೆ ನಿಮ್ಮನ್ನು ಬೈದರು ನೋಡಿ, ಆ ಬೈಗುಳ ಬರೆಯುವಂಥದ್ದಲ್ಲ. ಬೈದು ಮುಗಿಸಿ, “ಕಾಗ್ದ ಇಲ್ಲಿ ಕೊಡು, ನಾನೇ ಒಯ್ತೀನಿ” ಎಂದರು. ಅವರ ಮನಸ್ಸಿನಲ್ಲಿ ಏನಿದೆಯೋ ತಿಳಿಯದು, ಆದರೂ ಕೊಡುತ್ತಿದ್ದೇನೆ. ಸುದ್ದಿ ಕೇಳಿ ಉಳಿದವರೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ನಾನು ಅಂಗಳದಲ್ಲಿ ದೀಪ ಹಚ್ಚಿಟ್ಟಿದ್ದೇನೆ, ಗೇಟಿನ ಹೊರಗೆ ಚಪ್ಪಲಿ ಸಾಲಾಗಿವೆ. ಜಗಳೂರಿನ ನಿಮ್ಮ ಸೋದರತ್ತೆ ಮನೆಯಲ್ಲಿ ಹಗಲೂ ದೇವರ ದೀಪ ಉರಿಯುತ್ತದೆ ಎಂದು ವಿರೂಪಾಕ್ಷಪ್ಪನವರಿಗೆ ಹೇಳಿದ್ದೇನೆ. ಈ ಕಾಗದ ಓದುವಾಗ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರೆ, ಹಿತ್ತಿಲ ಕಡೆ ಓಡಬೇಡಿ.