ಸೂಜಿ ತಾಕದ ಜಾಕೆಟ್

ಪ್ರೀತಿಯ ಅಪ್ಪಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ನನ್ನ ಹಳೆಯ ಬೈಕ್ ಜಾಕೆಟ್ ಸೋರಿದ್ದು ನೀನು ಹೊಲಿದ ಒಳಜೇಬಿನಿಂದ ಎಂದು ಅಮ್ಮ ಹೇಳಿಬಿಟ್ಟಳಂತೆ. ಅವಳ ಬಾಯಲ್ಲಿ ಮಾತು ನಿಲ್ಲುವುದುಂಟೇ?

ಹೊಸದು ಆರಿಸಿದ್ದೇನೆ. ಬಟ್ಟೆಯದೇ, ಚರ್ಮದ್ದು ನೆನೆದರೆ ಮಣಭಾರ. ನೀನು ಕಲಿಸಿದಂತೆ ಮೊದಲು ಉಲ್ಟಾ ಮಾಡಿ ಹೊಲಿಗೆ ನೋಡಿದೆ. ಸೂಜಿ ಹೋದಲ್ಲೆಲ್ಲ ನೀರು ಬಾರದಂತೆ ಪಟ್ಟಿ ಅಂಟಿಸಿದ್ದಾರೆ. ಆಮೇಲೆ ತೋಳಿನ ತುದಿ ಮಡಚಿ ಬಿಗಿಯಾಗಿ ಹಿಡಿದು, ಅದರೊಳಗೆ ಒಂದು ಬಾಟಲಿ ನೀರು ಸುರಿದೆ.

“ಏನಮ್ಮಾ, ಇದೇನು ಬಕೆಟ್ಟಾ?” ಎಂದು ಅಂಗಡಿಯವರು ಕೂಗಿಕೊಂಡರು.

“ನಾನು ಟೈಲರ್ ಮಗಳು, ಸ್ವಲ್ಪ ಸುಮ್ನಿರಿ” ಅಂದೆ.

ಒಂದು ಹನಿಯೂ ಹೊರಬರಲಿಲ್ಲ. ಇನ್ನು ಎಂಥ ಮಳೆ ಬಂದರೂ ರಕ್ತದ ಸ್ಯಾಂಪಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಲ್ಯಾಬಿಗೆ ಮುಟ್ಟಿಸುತ್ತೇನೆ.

ಈ ಜಾಕೆಟ್ಟಿಗೆ ಮಾತ್ರ ನೀನು ಸೂಜಿ ತಾಕಿಸುವಂತಿಲ್ಲ. ಆದರೆ ಒಳಗಿನ ಬೆಚ್ಚನೆಯ ಅಸ್ತರು ಜಿಪ್ ತೆಗೆದರೆ ಬೇರೆಯಾಗುತ್ತದೆ. ಅದನ್ನಷ್ಟೇ ಇದರ ಜೊತೆ ಕಳಿಸಿದ್ದೇನೆ. ಎಡಗಡೆ, ಮೊದಲಿದ್ದ ಜಾಗದಲ್ಲೇ, ಜೇಬು ಹೊಲಿದುಕೊಡು. ಅದರಲ್ಲಿ ಮೊದಲಿನಂತೆ ನಿನ್ನ ಫೋನ್ ನಂಬರಿನ ಚೀಟಿಯನ್ನೂ ಇಡು. ಹಳೆಯ ಚೀಟಿಯ ಅಕ್ಷರ ನೆನೆದು ಅಳಿಸಿಹೋಗಿದೆ. ನಂಬರೇನೋ ನನಗೆ ಬಾಯಿಪಾಠ, ಎತ್ತುವವರು ಬೇಕಷ್ಟೆ.

ಜೇಬಿಗಾಗಿ ಕಾಯುತ್ತಿರುವ,
ನಿನ್ನ ಮಗಳು